ನೀರು ನಿಲ್ಲಿಸಿದರೆ ಚಿಗುರುವ ಆಸ್ಪರಾಗಸ್

ಚಿಕ್ಕಬಳ್ಳಾಪುರದ ಕಡೆಯವರಿಗೆ ಆಸ್ಪರಾಗಸ್ ಹೊಸದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಭೆ ಸಮಾರಂಭಗಳಲ್ಲಿ ಗಣ್ಯರ ಕೈಗೆ ಕೊಡುವ ಬೊಕೆಯನ್ನು ಒಮ್ಮೆ ಹಿಂದುಮುಂದು ಮಾಡಿ ನೋಡಿ. ಮುಂದೆ ಗುಲಾಬಿ, ಜರ್ಬೆರಾ. ಹಿಂದೆ ಆಸರೆಗೆ ಸಿಕ್ಕಿಸಿದ ನವಿರಾದ ಹಸಿರು ಗರಿ. ಅದು ದಕ್ಷಿಣ ಆಫ್ರಿಕಾ ಕಡೆಯಿಂದ ಬಂದ ಅಲಂಕಾರದ ಆಸ್ಪರಾಗಸ್. ಮನೆ ಮುಂದಿನ ಕುಂಡದಿಂದ ಇಳಿಬಿದ್ದು, ಕೆಂಪು ಹಣ್ಣು ಬಿಟ್ಟು, ಎತ್ತಿಡಲು ಹೋದವರ ಬೆರಳಿಗೆ ಮುಳ್ಳು ಚುಚ್ಚುವ ಗಿಡವೂ ಅದೇ ಕುಲದ್ದು. ನಂದಿ ಮತ್ತು ಸ್ಕಂದಗಿರಿ ಸಾಲಿನ ಕುರುಚಲು ಕಾಡಿನಲ್ಲಿ ಪೊದೆಯಿಂದ ಪೊದೆಗೆ ಹಬ್ಬುವ ಶತಾವರಿ ಮೂರನೆಯದು. ಇನ್ನೂರಕ್ಕೂ ಹೆಚ್ಚು ಪ್ರಭೇದಗಳ ಈ ಕುಲದ ತರಕಾರಿ ಆಸ್ಪರಾಗಸ್ ಮಾತ್ರ ಇನ್ನೂ ನಮ್ಮ ಅಂಗಳಕ್ಕೆ ಬಂದಿಲ್ಲ. ಬೆಂಗಳೂರಿನ ದೊಡ್ಡ ಅಂಗಡಿಗಳ ತಂಪುಪೆಟ್ಟಿಗೆಯಲ್ಲಿ, ರಬ್ಬರ್ ಬ್ಯಾಂಡ್ ಹಾಕಿದ ಸಣ್ಣ ಕಟ್ಟಾಗಿ, ಉಳಿದ ತರಕಾರಿಯ ಹತ್ತರಷ್ಟು ಬೆಲೆ ಹೊತ್ತು ಕೂತಿರುವುದು ಅದೇ.

ಮೊದಲೇ ಒಂದು ಎಚ್ಚರಿಕೆ. ಬಂಧುತ್ವ ನೋಡಿ ಬೊಕೆಯ ಗರಿಯನ್ನೋ ಕುಂಡದ ಗಿಡದ ಚಿಗುರನ್ನೋ ಬಾಯಿಗೆ ಹಾಕಿಕೊಳ್ಳಬೇಡಿ. ಅವು ಅಲಂಕಾರಕ್ಕಷ್ಟೇ. ಕೆಂಪು ಹಣ್ಣಂತೂ, ತರಕಾರಿ ಆಸ್ಪರಾಗಸ್‌ನದ್ದೇ ಆದರೂ, ಹೊಟ್ಟೆ ಕೆಡಿಸುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಹೇಳಿಯೇ ಗಿಡ ನೆಡಬೇಕು.

ಸೀಮೆ ತರಕಾರಿಗಳಲ್ಲಿ ಬಹುಪಾಲು ನಮ್ಮ ಸೀಮೆಯಲ್ಲಿ ನೆಲೆಯೂರಿ ಶತಮಾನವೇ ಕಳೆದಿದೆ. ಬ್ರಿಟಿಷ್ ಅಧಿಕಾರಿಗಳು ಬೇಸಿಗೆಗೆ ನಂದಿಬೆಟ್ಟ ಹತ್ತುತ್ತಿದ್ದರು. ಕಮಿಷನರ್ ಮಾರ್ಕ್ ಕಬ್ಬನ್‌ಗಾಗಿ ಕಟ್ಟಿದ ಮನೆ 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಇಂದಿಗೂ ಇದೆ. ಅವರ ಊಟದ ಮೇಜಿಗಾಗಿ ಬಂದ ಕೋಸು, ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆಗಳು ಲಾಲ್‌ಬಾಗ್ ದಾಟಿ, ಬೆಟ್ಟದ ಬುಡದ ಹೊಲಗಳಿಗೆ ಇಳಿದು, ಕಡೆಗೆ ನಮ್ಮ ಹುಳಿ, ಪಲ್ಯ, ಸಾಗುಗಳಲ್ಲಿ ಕರಗಿಹೋದವು. ಇವತ್ತು ಚಿಕ್ಕಬಳ್ಳಾಪುರದ ರೈತ ಆಲೂಗಡ್ಡೆಯನ್ನು ಪರದೇಶದ ಬೆಳೆ ಎಂದು ನೆನೆಯುವುದೂ ಇಲ್ಲ. ಆಸ್ಪರಾಗಸ್‌ಗೆ ಆ ಭಾಗ್ಯ ಏಕೆ ಬರಲಿಲ್ಲ? ನಾಲಿಗೆಗೆ ಹಿಡಿಸಲಿಲ್ಲ ಎನ್ನುವುದು ಅರ್ಧ ಉತ್ತರ. ಆಲೂಗಡ್ಡೆ ಮೂರು ತಿಂಗಳಿಗೆ ಕೈಗೆ ಬರುತ್ತದೆ, ಕೋಸೂ ಅಷ್ಟೇ. ಆಸ್ಪರಾಗಸ್ ಎರಡು ಮೂರು ವರ್ಷ ಕಾಯಿಸುತ್ತದೆ. ಕಾದಮೇಲೂ, ನಮ್ಮ ಹವೆಯಲ್ಲಿ ಸುಮ್ಮನೆ ನೀರುಣಿಸಿಕೊಂಡು ಹೋದರೆ, ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಗಳನ್ನು ಅಷ್ಟಿಷ್ಟು ಕೊಟ್ಟು ಸೊರಗುತ್ತದೆ.

ಸೊರಗುವುದಕ್ಕೆ ಕಾರಣ ಮಣ್ಣಲ್ಲ, ಗೊಬ್ಬರವಲ್ಲ. ಅದಕ್ಕೆ ನಿದ್ದೆ ಸಿಗುವುದಿಲ್ಲ.

ಈ ಗಿಡದ ನಿಜವಾದ ಒಡಲು ನೆಲದ ಕೆಳಗಿದೆ. ಅಲ್ಲೊಂದು ಬುಡಗಡ್ಡೆ, ಅದರ ಸುತ್ತ ಬೆರಳಿನಷ್ಟು ದಪ್ಪದ ತಿರುಳುಬೇರುಗಳು. ಬುಡಗಡ್ಡೆಯ ಮೇಲಿನ ಮೊಗ್ಗುಗಳೇ ಒಂದೊಂದಾಗಿ ಮಣ್ಣು ಸೀಳಿಕೊಂಡು ಮೇಲೆ ಬರುವ ದಂಟುಗಳು. ಆ ಹಂತದಲ್ಲಿ ಮುರಿದರೆ ತರಕಾರಿ. ಬಿಟ್ಟರೆ ಆಳೆತ್ತರ ಬೆಳೆದು, ಕವಲೊಡೆದು, ಸೂಜಿಯಂಥ ಹಸಿರು ಗರಿ ಬಿಚ್ಚುತ್ತದೆ. ಎಲೆಯಂತೆ ಕಾಣುವ ಆ ಸೂಜಿಗಳು ಎಲೆಗಳೇ ಅಲ್ಲ, ರೂಪ ಬದಲಿಸಿದ ಕವಲುಗಳು. ದಂಟಿಗೆ ಅಂಟಿಕೊಂಡ ಮುಕ್ಕೋನದ ಸಣ್ಣ ಹೊಪ್ಪಳೆಗಳೇ ಅದರ ಅಸಲಿ ಎಲೆ. ಗರಿ ಬಿಸಿಲು ಕುಡಿದು ಮಾಡಿದ ಆಹಾರ ಬೇರಿಗೆ ಇಳಿದು ಸಕ್ಕರೆಯಾಗಿ ಶೇಖರವಾಗುತ್ತದೆ. ಮುಂದಿನ ದಂಟುಗಳು ಎದ್ದು ಬರುವುದು ಆ ದಾಸ್ತಾನಿನ ಬಲದಿಂದ. ಯುರೋಪಿನಲ್ಲಿ ಚಳಿಗಾಲ ಬಂದೊಡನೆ ಗರಿ ಒಣಗಿ ಗಿಡ ತಿಂಗಳುಗಟ್ಟಲೆ ಮಲಗುತ್ತದೆ, ವಸಂತಕ್ಕೆ ಒಟ್ಟಿಗೆ ಎದ್ದು ದಪ್ಪ ದಪ್ಪ ದಂಟು ಕೊಡುತ್ತದೆ. ಜರ್ಮನಿಯಲ್ಲಿ ಮಣ್ಣು ಏರಿಸಿ ಬಿಳಿ ದಂಟು ಬೆಳೆಯುವವರು ಜೂನ್ 24ಕ್ಕೆ ಕೊಯ್ಲು ನಿಲ್ಲಿಸುವ ಸಂಪ್ರದಾಯವನ್ನು ಇಂದಿಗೂ ಪಾಲಿಸುತ್ತಾರೆ. ಆಮೇಲೆ ಎದ್ದದ್ದೆಲ್ಲ ಗಿಡದ ಪಾಲು. ಮುಂದಿನ ವರ್ಷದ ದಾಸ್ತಾನು ತುಂಬಬೇಕಲ್ಲ.

ನಮ್ಮ ಪುಷ್ಯ ಮಾಸದ ಚಳಿ ನಮಗೆ ಕಂಬಳಿ ಹೊದಿಸಬಹುದು. ಆಸ್ಪರಾಗಸ್‌ಗೆ ಅದು ಚಳಿಯ ಲೆಕ್ಕಕ್ಕೇ ಬರುವುದಿಲ್ಲ. ಹಗಲಿನ ಬಿಸಿಲು ಹಿತವಾಗಿರುವುದರಿಂದ ಅದು ವರ್ಷವಿಡೀ ಎಚ್ಚರವಾಗಿಯೇ ಇರುತ್ತದೆ. ಇವತ್ತೊಂದು ದಂಟು, ನಾಳಿದ್ದು ಇನ್ನೊಂದು. ಎದ್ದ ಒಂದೊಂದನ್ನೂ ನಾವು ಮುರಿಯುತ್ತಾ ಹೋದರೆ ಬೇರು ಬರಿದಾಗುತ್ತದೆ.

ಚಳಿಯಿಲ್ಲದ ದೇಶಗಳು ಇದಕ್ಕೆ ಎರಡು ದಾರಿ ಕಂಡುಕೊಂಡಿವೆ. ತೈವಾನ್, ಥಾಯ್ಲೆಂಡ್‌ಗಳದ್ದು ತಾಯಿದಂಟಿನ ಕ್ರಮ. ಗಿಡವೊಂದಕ್ಕೆ ಮೂರರಿಂದ ಐದು ಒಳ್ಳೆಯ ದಂಟುಗಳನ್ನು ಗರಿಯಾಗಲು ಬಿಟ್ಟು, ಅವು ಗಳಿಸುತ್ತಿರುವಾಗಲೇ ಪಕ್ಕದಲ್ಲಿ ಏಳುವ ಮರಿದಂಟುಗಳನ್ನು ಕೊಯ್ಯುವುದು. ತಾಯಿದಂಟುಗಳು ಮುದಿಯಾದಾಗ ಹೊಸವನ್ನು ಬೆಳೆಸಿಕೊಂಡು ಹಳೆಯವನ್ನು ತೆಗೆಯುವುದು. ಪೆರು ದೇಶದ ಮರಳುಗಾಡಿನದು ಇನ್ನೊಂದು ದಾರಿ. ಅಲ್ಲಿ ಚಳಿಯ ಕೆಲಸವನ್ನು ಬರಗಾಲದಿಂದ ಮಾಡಿಸುತ್ತಾರೆ. ನೀರು ನಿಲ್ಲಿಸಿದರೆ ಗರಿ ಹಳದಿಯಾಗುತ್ತದೆ. ಅದನ್ನು ಸವರಿ, ಮತ್ತೆ ನೀರು ಬಿಟ್ಟರೆ ದಂಟುಗಳು ಒಟ್ಟಿಗೆ ಏಳುತ್ತವೆ.

ಈ ಎರಡನೆಯ ವಿದ್ಯೆಯನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಕಲಿಸಬೇಕಿಲ್ಲ. ದ್ರಾಕ್ಷಿ ಬೆಳೆಗಾರ ಫಸಲು ಇಳಿಸಿದ ಮೇಲೆ ಬಳ್ಳಿಗೆ ಬಿಡುವು ಕೊಟ್ಟು, ಆಮೇಲೆ ಸವರಿ, ನೀರು ಗೊಬ್ಬರ ಕೊಟ್ಟು ಕಣ್ಣು ಒಡೆಸುತ್ತಾನೆ. ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆಯನ್ನು ಬುಡಕ್ಕೆ ಕೊಯ್ದು, ರೇಷ್ಮೆಹುಳು ಜ್ವರದಿಂದ ಏಳುವ ಹೊತ್ತಿಗೆ ಸರಿಯಾಗಿ ಸೊಪ್ಪು ಬರುವಂತೆ ಲೆಕ್ಕ ಹಾಕುವವರಿದ್ದಾರೆ. ಕತ್ತರಿಯನ್ನೂ ನೀರಿನ ವಾಲ್ವನ್ನೂ ಹಿಡಿದು ಗಿಡದ ಕಾಲವನ್ನು ಹೊಂದಿಸುವ ಕೈಗಳಿಗೆ ಆಸ್ಪರಾಗಸ್ ಕಷ್ಟದ ಗಿಡವಲ್ಲ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಮಳೆ ತೀರಾ ಕಡಿಮೆ. ಬೇರೆ ಬೆಳೆಗೆ ಶಾಪವಾದ ಆ ಒಣ ಹವೆಯಲ್ಲೇ ಈ ಗಿಡಕ್ಕೆ ಬೇಕಾದ ನಿದ್ದೆ ಕೊಡಿಸಬಹುದು. ಆ ಅನುಕೂಲ ಇಲ್ಲಿ ನಮಗಿದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಮಾಡುವುದು ಹೇಗೆ?

ನಮ್ಮಲ್ಲಿ ಬುಡಗಡ್ಡೆ ಸಿಗುವುದು ಅಪರೂಪ, ಬೀಜವೇ ಗತಿ. ಕಪ್ಪಗೆ ಗಟ್ಟಿಯಾಗಿರುವ ಬೀಜವನ್ನು ಒಂದು ದಿನ ನೀರಲ್ಲಿ ನೆನೆಸಿ, ಆರಿದ್ರಾ ಮಳೆಯ ಹೊತ್ತಿಗೆ ಟ್ರೇಯಲ್ಲೋ ಹಾಲಿನ ಪ್ಯಾಕೆಟ್ಟಿನಲ್ಲೋ ಹಾಕಿ. ಮೊಳೆಯಲು ಎರಡು ಮೂರು ವಾರ ಹಿಡಿಯುತ್ತದೆ. ಏಳನೇ ದಿನಕ್ಕೆ ಬೀಜ ಸತ್ತಿದೆ ಎಂದು ಮಣ್ಣು ಕೆದಕುವವರೇ ಹೆಚ್ಚು. ಹಳೆಯ ಮೇರಿ ವಾಷಿಂಗ್ಟನ್ ತಳಿಯ ಬೀಜ ಸುಲಭವಾಗಿ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಿಸಿಲಿಗೆಂದೇ ಬೆಳೆಸಿದ ಯುಸಿ 157 ಸಿಕ್ಕರೆ ನಮ್ಮ ಹವೆಗೆ ಅದೇ ಮೇಲು. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣು ತನ್ನ ಶಕ್ತಿಯನ್ನು ಹಣ್ಣಿಗೆ ಸುರಿಯುವುದರಿಂದ ಗಂಡಿನಲ್ಲಿ ದಂಟು ಹೆಚ್ಚು, ಹೆಣ್ಣಿನಲ್ಲಿ ದಂಟು ದಪ್ಪ. ಹೂ ಬಿಡುವವರೆಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಮನೆ ಬಳಕೆಗೆ ಹತ್ತು ಹನ್ನೆರಡು ಗಿಡ ಬೇಕೆಂದರೆ ಇಪ್ಪತ್ತು ಸಸಿ ಎಬ್ಬಿಸಿಕೊಳ್ಳಿ.

ಸಸಿ ಗೇಣುದ್ದವಾದಾಗ, ಅಂದರೆ ಹತ್ತು ಹನ್ನೆರಡು ವಾರಕ್ಕೆ, ನಾಟಿ. ವಿದೇಶಿ ಪುಸ್ತಕಗಳು ಆಳವಾದ ಕಾಲುವೆ ತೋಡಿ ಅದರ ತಳದಲ್ಲಿ ನೆಡಲು ಹೇಳುತ್ತವೆ. ನಮ್ಮ ಹಸ್ತ, ಚಿತ್ತೆ ಮಳೆಗೆ ಆ ಕಾಲುವೆ ತುಂಬಿ ನಿಂತರೆ ಬುಡ ಕೊಳೆತು ಹೋಗುತ್ತದೆ. ಫ್ಯುಸೇರಿಯಂ ಎಂಬ ಬೂಷ್ಟು ಈ ಗಿಡದ ದೊಡ್ಡ ಶತ್ರು, ನಿಂತ ನೀರೇ ಅದರ ತವರು. ಹಾಗಾಗಿ ಎರಡಡಿ ಆಳಕ್ಕೆ ಮಣ್ಣು ಸಡಿಲಿಸಿ, ನೆಲಮಟ್ಟಕ್ಕಿಂತ ಮುಕ್ಕಾಲು ಅಡಿ ಎತ್ತರದ ಏರುಮಡಿ ಮಾಡಿ, ಒಂದೂವರೆ ಅಡಿಗೆ ಒಂದರಂತೆ ಸಸಿ ಇಡಿ. ಸಾಲಿನಿಂದ ಸಾಲಿಗೆ ನಾಲ್ಕಡಿ ಬಿಡಿ. ಗಿಡ ಬೆಳೆದಂತೆಲ್ಲ ಬುಡಕ್ಕೆ ಮಣ್ಣು ಗೊಬ್ಬರ ಏರಿಸುತ್ತಾ ಬನ್ನಿ. ನಮ್ಮ ಮರಳು ಬೆರೆತ ಕೆಮ್ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಮನೆ ಕಟ್ಟಿದಾಗ ಉಳಿದ ಸಿಮೆಂಟು ಗಾರೆ ಹೂತ ಜಾಗ ಮಾತ್ರ ಬೇಡ. ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷ ಅಲುಗಾಡಿಸುವಂತಿಲ್ಲದ ಗಿಡ ಇದು. ಜಾಗವನ್ನು ಸೊಪ್ಪಿನ ಮಡಿಯ ಹಾಗೆ ನೋಡದೆ ನಿಂಬೆ ಗಿಡಕ್ಕೆ ಹುಡುಕುವ ಹಾಗೆ ಹುಡುಕಿ. ಮಹಡಿ ತೋಟದವರು ನಲವತ್ತು ಐವತ್ತು ಲೀಟರಿನ ಡ್ರಮ್ಮಿಗೆ ಒಂದೇ ಗಿಡ ಇಡಬೇಕು. ಪೇಂಟ್ ಬಕೆಟ್ ಸಾಲದು.

ಗೊಬ್ಬರದ ವಿಷಯಕ್ಕೆ ಬಂದರೆ, ಎರಡು ಸಾವಿರ ವರ್ಷಕ್ಕೂ ಹಿಂದೆ ರೋಮಿನ ಕೇಟೊ ಬೇಸಾಯದ ಮೇಲೆ ಬರೆದ ಪುಸ್ತಕದಲ್ಲಿ ಆಸ್ಪರಾಗಸ್ ಬಗ್ಗೆಯೂ ಒಂದು ಅಧ್ಯಾಯವಿದೆ. ಕುರಿಗೊಬ್ಬರವೇ ಇದಕ್ಕೆ ಶ್ರೇಷ್ಠ, ಬೇರೆ ಗೊಬ್ಬರದಿಂದ ಕಳೆ ಹುಟ್ಟುತ್ತದೆ ಎಂದು ಆತ ಬರೆದಿದ್ದಾನೆ. ಹೊಲದಲ್ಲಿ ಕುರಿಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುವ ನಮ್ಮ ಕಡೆಯವರು ತಲೆದೂಗುವ ಮಾತು. ಶಿಡ್ಲಘಟ್ಟದವರ ಬಳಿ ಅದಕ್ಕಿಂತ ಸುಲಭದ ಸಂಪತ್ತಿದೆ: ಹುಳು ಸಾಕುವ ಮನೆಯಿಂದ ಬೆಡ್ ತೆಗೆದಾಗ ಬುಟ್ಟಿಗಟ್ಟಲೆ ಸಿಗುವ ಹಿಕ್ಕೆ ಮತ್ತು ತಿಂದು ಬಿಟ್ಟ ಸೊಪ್ಪಿನ ಕಡ್ಡಿ. ಸಾರಜನಕ ಯಥೇಚ್ಛ. ಹಸಿಯಾಗಿ ಸುರಿಯಬೇಡಿ, ಗುಂಡಿಯಲ್ಲಿ ಮಣ್ಣು ಮುಚ್ಚಿ ಕಳಿತ ಮೇಲೆ ಹಾಕಿ. ರೋಗದ ಹುಳುವಿನ ಕಸವೂ ಊಜಿ ನೊಣದ ಕೋಶವೂ ಅದರಲ್ಲಿರುತ್ತವೆ. ಅದೇ ಊರಿನವರು ಇನ್ನೊಂದು ಮಾತು ನೆನಪಿಡಬೇಕು. ಹಿತ್ತಲಿನ ಆಸ್ಪರಾಗಸ್‌ಗೆ ಹೊಡೆದ ಕೀಟನಾಶಕ ಗಾಳಿಯಲ್ಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ನೆರೆಮನೆಯವರ ಚಾಕಿ ಹುಳು ಉಳಿಯುವುದಿಲ್ಲ. ಹತ್ತು ಗಿಡಕ್ಕೆ ಔಷಧಿ ಬೇಕೂ ಇಲ್ಲ. ಬೇವಿನ ಹಿಂಡಿ ಬುಡಕ್ಕೆ ಹಾಕಿ, ಬಸವನಹುಳುವನ್ನು ಬೆಳಗಿನ ಹೊತ್ತು ಕೈಯಲ್ಲಿ ಆರಿಸಿ. ಎಳೆ ದಂಟಿನ ತುದಿಯನ್ನು ಒಂದೇ ರಾತ್ರಿಯಲ್ಲಿ ಕೊರೆದು ಹಾಕುವುದು ಅದೇ.

ಚಿಂತಾಮಣಿಯ ಟೊಮ್ಯಾಟೊ ಬೆಳೆಗಾರರಿಗೆ ಬೇರುಗಂಟು ತರುವ ಜಂತುಹುಳುವಿನ ಕಾಟ ಹೇಳಬೇಕಿಲ್ಲ. ಆಸ್ಪರಾಗಸ್ ಬೇರಿನಲ್ಲಿರುವ ಗಂಧಕಯುಕ್ತ ಆಮ್ಲವೊಂದು ಅಂಥ ಜಂತುಗಳಿಗೆ ಮಾರಕ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಟೊಮ್ಯಾಟೊ, ಆಸ್ಪರಾಗಸ್ ಜೋಡಿ ನೆಡುವ ಹಳೆಯ ರೂಢಿ ಪಶ್ಚಿಮದ ಹಿತ್ತಲುಗಳಲ್ಲಿ ಇದೆ. ಹೊಲಕ್ಕೆ ಇದೇ ಮದ್ದು ಎಂದು ಹಾರುವುದು ಬೇಡ. ಹಿತ್ತಲಿನಲ್ಲಿ ಎರಡು ಸಾಲಿನ ನಡುವಿನ ನಾಲ್ಕಡಿಯಲ್ಲಿ ಮೊದಲ ವರ್ಷ ನಾಲ್ಕು ಟೊಮ್ಯಾಟೊ ಗಿಡ ನೆಟ್ಟರೆ ಕಾಯುವ ಬೇಸರವಾದರೂ ಕಳೆಯುತ್ತದೆ.

ಗೌರಿಬಿದನೂರಿನವರು ಲೆಕ್ಕ ಸ್ವಲ್ಪ ಬದಲಿಸಬೇಕು. ಉತ್ತರ ಪಿನಾಕಿನಿಯ ಆ ಬಯಲು ಚಿಕ್ಕಬಳ್ಳಾಪುರಕ್ಕಿಂತ ಇನ್ನೂರು ಮೀಟರಿನಷ್ಟು ತಗ್ಗಿನಲ್ಲಿದೆ, ಬಿಸಿಲು ಬೇಗ ಏರುತ್ತದೆ. ಬಿಸಿಲು ಏರಿದಷ್ಟೂ ದಂಟಿನ ತುದಿ ಬೇಗ ಬಿಚ್ಚಿಕೊಂಡು ನಾರಾಗುತ್ತದೆ. ಮುಂದೆ ಹೇಳುವ ನೀರು ನಿಲ್ಲಿಸುವ, ಸವರುವ, ಕೊಯ್ಯುವ ಕೆಲಸಗಳನ್ನು ಅವರು ಮೂರು ವಾರ ಮುಂಚೆ ಮುಗಿಸುವುದು ಒಳಿತು.

ಇನ್ನು ಆ ನಿದ್ದೆಯ ಪಂಚಾಂಗ. ಮೊದಲ ವರ್ಷ ಏನನ್ನೂ ಕೊಯ್ಯಬೇಡಿ. ಗರಿ ಎಷ್ಟು ಹುಲುಸೋ ಬೇರು ಅಷ್ಟು ಗಟ್ಟಿ. ಕಾರ್ತಿಕದ ಜಡಿಮಳೆಗೆ ಗರಿ ನೆಲಕ್ಕೆ ಒರಗುತ್ತದೆ. ನಾಲ್ಕು ಗೂಟ ನೆಟ್ಟು ಹಗ್ಗ ಸುತ್ತಿ. ಎರಡನೇ ವರ್ಷದ ಡಿಸೆಂಬರ್ ಮಧ್ಯಕ್ಕೆ ನೀರು ನಿಲ್ಲಿಸಿ. ಇಲ್ಲೇ ಮನೆಯವರ ಮನಸ್ಸು ಕರಗುವುದು. ಗಿಡ ಹಳದಿಯಾಗುವುದನ್ನು ನೋಡಲಾರದೆ ಅಮ್ಮನೋ ಅಜ್ಜಿಯೋ ಪಾತ್ರೆ ತೊಳೆದ ನೀರು ತಂದು ಸುರಿದುಬಿಡುತ್ತಾರೆ. ಸುರಿಯದಂತೆ ಮೊದಲೇ ಹೇಳಿಟ್ಟಿರಿ. ಐದಾರು ವಾರದಲ್ಲಿ ಗರಿ ಬಹುಪಾಲು ಹಳದಿಯಾಗಿ ಸೂಜಿ ಉದುರತೊಡಗುತ್ತದೆ. ಅದರಲ್ಲಿದ್ದ ಸತ್ವ ಬೇರಿಗೆ ಇಳಿದಿದೆ ಎನ್ನುವುದಕ್ಕೆ ಅದೇ ಗುರುತು. ಜನವರಿ ಕೊನೆಗೆ ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು, ಕಸ ಅಲ್ಲೇ ಬಿಡದೆ ಹೊರಗೆ ಹಾಕಿ, ಮೇಲೆ ಎರಡಿಂಚು ಕಳಿತ ಗೊಬ್ಬರ ಹರಡಿ, ಮಡಿ ಪೂರ್ತಿ ನೆನೆಯುವಂತೆ ನೀರು ಕಟ್ಟಿ. ಒಂದೆರಡು ವಾರದಲ್ಲಿ ಮಣ್ಣು ಬಿರಿದು ನೇರಳೆ ಛಾಯೆಯ ತುದಿಗಳು ಇಣುಕುತ್ತವೆ. ಆ ಸಲ ಎರಡು ವಾರ ಮಾತ್ರ ಕೊಯ್ದು ಕೈ ತೊಳೆದುಕೊಳ್ಳಿ. ಮೂರನೇ ವರ್ಷ ನಾಲ್ಕು ವಾರ, ಆಮೇಲೆ ಐದಾರು ವಾರ. ದಂಟು ಸಣ್ಣವಾಗುತ್ತಾ ಬಂದರೆ ವಾರ ಎಣಿಸುತ್ತಾ ಕೂರದೆ ಅವತ್ತೇ ನಿಲ್ಲಿಸಬೇಕು. ಇಷ್ಟೆಲ್ಲ ಶಿಸ್ತು ತಮ್ಮಿಂದಾಗದು ಎನ್ನುವವರಿಗೆ ತಾಯಿದಂಟಿನ ಕ್ರಮವೇ ಸರಿ. ನಾಲ್ಕು ದಂಟು ಬಿಡಿ, ಉಳಿದದ್ದು ಕೊಯ್ಯಿರಿ.

ನಮ್ಮ ಕೊಳವೆಬಾವಿಯ ನೀರಿಗೆ ಈ ಗಿಡ ಹೆದರುವುದಿಲ್ಲ ಎನ್ನುವುದು ಇನ್ನೊಂದು ಸಮಾಧಾನ. ಉಪ್ಪಿನಂಶವನ್ನು ತಾಳಿಕೊಳ್ಳುವ ತರಕಾರಿಗಳ ಪಟ್ಟಿಯಲ್ಲಿ ಆಸ್ಪರಾಗಸ್ ಮೇಲಿನ ಸಾಲಿನಲ್ಲಿದೆ. ಕಾಫಿ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿಸುವ ಗಡಸು ನೀರಿನಲ್ಲೂ ಬೆಳೆಯುತ್ತದೆ. ಮಣ್ಣು ತೀರಾ ಹುಳಿಯಾಗಿದ್ದರೆ ಮಾತ್ರ ಮುನಿಸು. ಸಂದೇಹವಿದ್ದರೆ ಚಿಂತಾಮಣಿ ಬಳಿ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ವಿಚಾರ ಕೇಳಿ.

ಕೊಯ್ಯುವುದು ಬೆಳಗ್ಗೆ, ಬಿಸಿಲು ಏರುವ ಮುನ್ನ. ಗೇಣುದ್ದ ಬಂದು, ತುದಿ ಇನ್ನೂ ಮೊಗ್ಗಿನ ಹಾಗೆ ಬಿಗಿಯಾಗಿರಬೇಕು. ಬುಡದ ಕಡೆ ಹಿಡಿದು ಬಗ್ಗಿಸಿದರೆ ಎಳೆಯ ಭಾಗ ಎಲ್ಲಿಂದ ಶುರುವೋ ಅಲ್ಲಿಗೆ ಲಟಕ್ಕನೆ ಮುರಿಯುತ್ತದೆ. ಫೆಬ್ರವರಿ ಕೊನೆಯ ಬಿಸಿಲಿನಲ್ಲಿ ಒಂದು ದಿನ ಮೈಮರೆತರೆ ಮಾರನೇ ದಿನಕ್ಕೆ ಅದು ಮೊಣಕಾಲೆತ್ತರ. ಕೊಯ್ದ ಗಳಿಗೆಯಿಂದಲೇ ದಂಟಿನ ಸಕ್ಕರೆ ಇಳಿಯುತ್ತದೆ, ನಾರು ಏರುತ್ತದೆ. ಅಂಗಡಿಯ ದುಬಾರಿ ಕಟ್ಟು ಸಪ್ಪೆ ಅನ್ನಿಸಲು ಕಾರಣ ಅದೇ. ವಿಮಾನದಲ್ಲಿ, ಗೋದಾಮಿನಲ್ಲಿ, ಕಪಾಟಿನಲ್ಲಿ ಅದು ಕಳೆದ ದಿನಗಳು. ಮನೆಯ ದಂಟನ್ನು ಹಸಿಯಾಗಿ ಕಚ್ಚಿದರೆ ಎಳೆ ಬಟಾಣಿಯ ಸಿಹಿ ಇರುತ್ತದೆ. ಹಿತ್ತಲಲ್ಲಿ ಬೆಳೆಯಬೇಕೆನ್ನಲು ನನಗಿರುವ ದೊಡ್ಡ ಕಾರಣ ಇದೊಂದೇ.

ಅಡುಗೆಗೆ ಬೆಣ್ಣೆ, ಚೀಸ್ ಏನೂ ಬೇಕಿಲ್ಲ. ನಮ್ಮ ಬಸ್ಸಾರಿಗೆ ಇಷ್ಟು ಹೊಂದುವ ವಿಲಾಯತಿ ತರಕಾರಿ ಇನ್ನೊಂದಿಲ್ಲ. ತೊಗರಿಬೇಳೆ ಅರೆಬೆಂದಾಗ ದಂಟನ್ನು ಬೆರಳುದ್ದಕ್ಕೆ ಮುರಿದು ಹಾಕಿ, ನಾಲ್ಕೈದು ನಿಮಿಷ ಕುದಿಸಿ, ಬಸಿದುಕೊಳ್ಳಿ. ಬಸಿದ ಕಟ್ಟಿಗೆ ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಹುಣಸೆ ರುಬ್ಬಿ ಬೆರೆಸಿದರೆ ಸಾರು. ಬೇಳೆ ದಂಟಿಗೆ ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಮುರಿದಾಗ ಉಳಿದ ನಾರಿನ ಬುಡಗಳನ್ನೂ ಎಸೆಯಬೇಡಿ; ಬೇಳೆಯ ಜೊತೆ ಬೇಯಿಸಿ ಕಟ್ಟಿಗೆ ಸತ್ವ ಬಿಟ್ಟ ಮೇಲೆ ತೆಗೆದುಹಾಕಿ. ಬಿಸಿ ಮುದ್ದೆ ಇರಲಿ. ಹತ್ತು ಗಿಡದಿಂದ ಒಂದು ಋತುವಿನಲ್ಲಿ ಒಂದೆರಡು ಕಿಲೋ ಬಂದರೆ ಸಂತೋಷಪಡಿ. ಚಳಿ ದೇಶಗಳ ಲೆಕ್ಕವನ್ನು ಇಲ್ಲಿ ಹಿಡಿದು ಕೂರಬೇಡಿ.

ತಿಂದ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಒಂದು ವಿಚಿತ್ರ ವಾಸನೆ ಬಂದರೆ ಗಾಬರಿಯಾಗಬೇಡಿ. ಆಗಲೇ ಹೇಳಿದ ಗಂಧಕಯುಕ್ತ ಆಮ್ಲದ ಪ್ರತಾಪ ಅದು. ಕೆಲವರ ಮೂಗಿಗೆ ಅದು ತಿಳಿಯುವುದೇ ಇಲ್ಲ, ಅದು ವಂಶವಾಹಿಗೆ ಬಿಟ್ಟದ್ದು. ವಿಜ್ಞಾನಕ್ಕೂ ಈ ಗಿಡದ ಋಣ ಇದೆ. 1806ರಲ್ಲಿ ಫ್ರಾನ್ಸಿನ ವೋಕ್ಲೆನ್ ಮತ್ತು ರೊಬಿಕೆ ಇದರ ರಸದಿಂದ ಒಂದು ಹರಳನ್ನು ಬೇರ್ಪಡಿಸಿದರು. ಮನುಷ್ಯರು ಬೇರ್ಪಡಿಸಿದ ಮೊಟ್ಟಮೊದಲ ಅಮೈನೋ ಆಮ್ಲ ಅದು. ಗಿಡದ ನೆನಪಿಗೇ ಅದಕ್ಕೆ ಆಸ್ಪರಜೀನ್ ಎಂದು ಹೆಸರಿಟ್ಟರು.

ಇಷ್ಟು ಓದಿದ ಮೇಲೆ ಯಾರಾದರೂ ಲೆಕ್ಕದ ಪುಸ್ತಕ ತೆಗೆದು, ಹತ್ತು ಗಿಡವೇಕೆ, ಎರಡು ಎಕರೆ ಹಾಕಿದರೆ ಬೆಂಗಳೂರಿನ ಹೋಟೆಲುಗಳಿಗೆ ಕೊಡಬಹುದಲ್ಲ ಎಂದು ಯೋಚಿಸಬಹುದು. ಅಂಥವರು ಪೆರುವಿನ ಇಕಾ ಕಣಿವೆಯ ಕಥೆ ತಿಳಿಯಬೇಕು. ಕೋಕಾ ಬೆಳೆಯಿಂದ ರೈತರನ್ನು ಬಿಡಿಸಲೆಂದು 1991ರಲ್ಲಿ ಅಮೆರಿಕ ಆಂಡೀಸ್ ದೇಶಗಳ ಹಲವು ಸರಕುಗಳ ಮೇಲಿನ ಸುಂಕ ತೆಗೆದುಹಾಕಿತು. ಇಕಾದಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆ ಮರಳಿನ ಮೇಲೆ ಕೊಳವೆಬಾವಿ ಕೊರೆದು, ಡ್ರಿಪ್ ಎಳೆದು, ಸಾವಿರಾರು ಹೆಕ್ಟೇರ್ ಆಸ್ಪರಾಗಸ್ ಬೆಳೆದರು. ಪೆರು ಜಗತ್ತಿನ ದೊಡ್ಡ ರಫ್ತುದಾರ ದೇಶಗಳಲ್ಲಿ ಒಂದಾಯಿತು. ಅಂತರ್ಜಲ ಪಾತಾಳಕ್ಕಿಳಿಯಿತು, ಸಣ್ಣ ಹಿಡುವಳಿದಾರರ ಬಾವಿಗಳು ಬತ್ತಿದವು, ಆಳಕ್ಕೆ ಕೊರೆಯುವ ಶಕ್ತಿ ಇದ್ದ ಕಂಪನಿಗಳು ಉಳಿದವು. ಚಿಕ್ಕಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಹುಟ್ಟುವ ಬೆಟ್ಟಗಳ ಸೀಮೆ ನಮ್ಮದು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಸಾವಿರ ಅಡಿ ದಾಟಿದರೂ ಸಿಗುವುದು ಫ್ಲೋರೈಡ್ ಬೆರೆತ ನೀರು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಎಚ್‌.ಎನ್‌. ವ್ಯಾಲಿ ಯೋಜನೆಯಲ್ಲಿ ಕಂದವಾರ ಕೆರೆಗೂ ಇತರ ಕೆರೆಗಳಿಗೂ ತುಂಬಿಸುವ ಸ್ಥಿತಿಗೆ ಬಂದಿದ್ದೇವೆ. ಇಂಥ ನೆಲದಲ್ಲಿ, ಎರಡು ವರ್ಷ ಆದಾಯವಿಲ್ಲದೆ ಗರಿ ಬೆಳೆಸಲು ನೀರೆತ್ತಿ, ಮೂರನೇ ವರ್ಷ ಹೋಟೆಲಿನವರ ದಾರಿ ಕಾಯುವುದು ಜಾಣತನವಲ್ಲ. ಹಿತ್ತಲಿನ ಹತ್ತು ಗಿಡಕ್ಕೆ ಬಚ್ಚಲ ಪಕ್ಕದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಸಾಕು. ಅದೂ ವರ್ಷದಲ್ಲಿ ಐದಾರು ವಾರ ಬೇಡ.

ಕಡೆಯದಾಗಿ, ಹಿರಿಯಕ್ಕನ ಮಾತು. ಶತಾವರಿಗೆ ನಮ್ಮಲ್ಲಿ ಹಲವು ಮಕ್ಕಳ ತಾಯಿ ಬೇರು ಎಂಬ ಹೆಸರಿದೆ. ಒಂದೊಂದು ಬುಡದಲ್ಲೂ ಬಿಳಿ ತಿರುಳುಗಡ್ಡೆಗಳ ಗೊಂಚಲು. ಬಾಣಂತಿಗೆ ಹಾಲು ಹೆಚ್ಚಲು ಇದನ್ನು ಕೊಡುವ ರೂಢಿ ಆಯುರ್ವೇದದಲ್ಲೂ ಮನೆಮದ್ದಿನಲ್ಲೂ ಹಳೆಯದು. ಕೊಡುವ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಔಷಧಿಗಾಗಿ ಕಾಡಿನಲ್ಲಿ ಬುಡಸಮೇತ ಅಗೆದು ಒಯ್ಯುವುದರಿಂದ ಎಷ್ಟೋ ಕಡೆ ಅದು ವಿರಳವಾಗಿದೆ. ನೇಪಾಳದಲ್ಲಿ ಕುರಿಲೊ ಎಂದು ಇದೇ ಶತಾವರಿ ಜಾತಿಯ ಗಿಡಗಳ ಎಳೆ ದಂಟನ್ನು ಕಟ್ಟು ಕಟ್ಟಿ ಸಂತೆಯಲ್ಲಿ ಮಾರುತ್ತಾರೆ, ಪಲ್ಯ ಮಾಡಿ ಉಣ್ಣುತ್ತಾರೆ. ಸ್ವಲ್ಪ ಕಹಿ, ಸಣ್ಣ ದಂಟು, ಆದರೆ ಆಸ್ಪರಾಗಸ್ ರುಚಿಯೇ. ನಮ್ಮ ಬಿಸಿಲು, ನಮ್ಮ ಬರ, ನಮ್ಮ ಮಣ್ಣು ಎಲ್ಲಕ್ಕೂ ಅದು ಒಗ್ಗಿಕೊಂಡಿದೆ; ನೀರು ನಿಲ್ಲಿಸುವ ಪಂಚಾಂಗವೂ ಬೇಡ. ಬೇಲಿಗೆ ಹಬ್ಬಿಸಿದರೆ ಮುಳ್ಳು ಕಾವಲೂ ಆಯಿತು. ಮಳೆಗಾಲದ ನಂತರ ಬಿಡುವ ಸಣ್ಣ ಬಿಳಿ ಹೂವಿಗೆ ಜೇನುನೊಣ ಮುತ್ತುತ್ತವೆ.

ಆದ್ದರಿಂದ ಹಿತ್ತಲಲ್ಲಿ ನಾಲ್ಕು ಮೊಳ ಅಗಲದ ಜಾಗವಿದ್ದು, ಎರಡು ವರ್ಷ ಕಾಯುವ ತಾಳ್ಮೆಯೂ ಇದ್ದರೆ ಈ ಜೂನ್‌ನಲ್ಲೇ ಆಸ್ಪರಾಗಸ್ ಬೀಜ ನೆನೆಸಿ. ಒಂದೇ ಗಿಡಕ್ಕೆ ಜಾಗವಿದೆ ಎನ್ನುವವರು ಶತಾವರಿ ನೆಡಿ. ಸಸಿಯನ್ನು ನರ್ಸರಿಯಿಂದ ತನ್ನಿ, ಬೆಟ್ಟದಿಂದ ಕಿತ್ತು ತರಬೇಡಿ.